ಏಳನೇ ಪ್ರಶ್ನೆಗೆ ಸೂಜಿ ಹಾರಿತು

ಇಲ್ಲ.

ಇಲ್ಲ ಅಂದೆನಲ್ಲ ಮೇಡಂ, ಇಲ್ಲ ಅಂದ್ರೆ ಇಲ್ಲ... ಯಾಕೆ, ಪೆನ್ಸಿಲ್ ಕೆಳಗಿಟ್ರಿ? ಏಳನೇ ಪ್ರಶ್ನೆ ಮುಗೀತು. ಎಂಟನೇದು ಕೇಳಿ. ಕೇಳಿ, ನಾನು ತಯಾರಿದೀನಿ.

ಅಯ್ಯಯ್ಯೋ, ಏನದು ಆ ಸೂಜಿ! ಕಾಗದದ ಮೇಲೆ ಹಂಗ್ಯಾಕೆ ಹಾರ್ತು? ಇಷ್ಟೊತ್ತು ಪಾಪದ ಹಸು ಥರ ಒಂದೇ ಗೆರೇಲಿ ಹೋಗ್ತಿತ್ತಲ್ಲ! "ನಿಮ್ಮ ಹೆಸರು ಹರ್ಷೆಲ್ ಟಿಡ್‌ವೆಲ್ಲಾ?" ಅಂದ್ರಿ. ಹೌದು ಅಂದೆ, ಸುಮ್ನಿತ್ತು. "ಅಲಬಾಮಾದಲ್ಲೇ ಹುಟ್ಟಿದ್ದಾ?" ಹೌದು. ಸುಮ್ನಿತ್ತು. "ತೂಕ ಹೆಚ್ಚಲಿ ಅಂತ ಮೀನಿನ ಹೊಟ್ಟೆಗೆ ಸೀಸದ ಗುಂಡು ತುರುಕಿದ್ರಾ?" ಇಲ್ಲ. ಆಗ್ಲೂ ಸುಮ್ನಿತ್ತು. ಸುಮ್ನಿರದೆ ಇನ್ನೇನು, ನಮ್ಮಪ್ಪನಾಣೆಗೂ ತುರುಕಿಲ್ಲ. ಆಮೇಲೆ ನೀವು, "ಈ ಪಂದ್ಯದ ಯಾವುದಾದ್ರೂ ನಿಯಮ ಮುರಿದಿದೀರಾ?" ಅಂದ್ರಿ. ನಾನು ಇಲ್ಲ ಅಂದೆ. ಅಷ್ಟಕ್ಕೆ ಗಾಳ ಕಚ್ಚಿದ ಬಾಸ್ ಮೀನಿನ ಹಂಗೆ ನೆಗೀತಲ್ಲ!

ನಿಮ್ಮ ಮಿಷನ್ನು ಹಳೇದಾಯ್ತು ಮೇಡಂ. ಈಗೆಲ್ಲ ಕಂಪ್ಯೂಟರಲ್ಲೇ ಸುಳ್ಳು ಹಿಡೀತಾರಂತೆ. ನೀವಿನ್ನೂ ಸೂಜಿ, ಕಾಗದದ ಸುರುಳಿ ಇಟ್ಕೊಂಡಿದೀರಿ.

ಇಲ್ಲ ಇಲ್ಲ, ನಿಮ್ಮನ್ನ ಏನೂ ಅಂತಿಲ್ಲ ಲೆಡ್‌ಬೆಟರ್ ಮೇಡಂ. ನೀವು ಪೊಲೀಸ್ ಇಲಾಖೇಲಿ ಮೂವತ್ತು ವರ್ಷ ಎಂತೆಂಥಾ ದರೋಡೆಕೋರರನ್ನ ಇದೇ ಮಿಷನ್ನಿಗೆ ಕಟ್ಟಿ ಕೂರಿಸಿದೋರು. ಈಗ ನಿವೃತ್ತಿ ಆದ್ಮೇಲೆ ಮೀನು ಹಿಡಿಯೋರನ್ನ ಕೂರಿಸ್ತಿದೀರಿ. ಬೇಕು, ಇದೂ ಬೇಕು. ಒಬ್ಬೊಬ್ಬನೇ ದೋಣೀಲಿ ಹೋಗೋ ಪಂದ್ಯ, ಕೆರೆ ಮಧ್ಯೆ ಸಾಕ್ಷಿ ಅಂತ ಯಾರಿದಾರೆ? ಗೆದ್ದವನನ್ನ ಮಿಷನ್ನಿಗೆ ಕಟ್ಟಿ, ಪಾಸಾದ್ರೆ ಮಾತ್ರ ಬಹುಮಾನ ಕೊಡೋಣ ಅಂತ ಹೋದ ವರ್ಷ ಕ್ಲಬ್ಬಿನ ಸಭೇಲಿ ಮೇಜು ಗುದ್ದಿ ಹೇಳಿದ್ದು ಯಾರು? ನಾನೇ! ಹರ್ಷೆಲ್ ಟಿಡ್‌ವೆಲ್! ಬೇಕಾದ್ರೆ ವಿಚಾರಿಸಿ.

...ನೀವೇನೂ ವಿಚಾರಿಸಲ್ಲ. ಸುಮ್ನೆ ನೋಡ್ತೀರಿ.

ಅದಲ್ಲ ಮೇಡಂ, ಈ ಕುರ್ಚಿ ನೋಡಿ. ಚರ್ಚಿನ ಭಾನುವಾರದ ಶಾಲೆ ಕೋಣೇಲಿ ಪರೀಕ್ಷೆ ಇಟ್ರೆ ಹಿಂಗೇ ಆಗೋದು. ಆರು ವರ್ಷದ ಮಕ್ಕಳು ಕೂರೋ ಕುರ್ಚೀಲಿ ನಾನು ಕೂತ್ರೆ ಮೊಣಕಾಲು ಗದ್ದಕ್ಕೆ ಬಡೀತಿದೆ. ತೋಳಿಗೆ ಪಟ್ಟಿ, ಎದೆಗೆ ಪಟ್ಟಿ, ಬೆರಳಿಗೆ ವೈರು. ಎದುರಿಗೆ ಗೋಡೆ ಮೇಲೆ ಬಟ್ಟೆ ಕತ್ತರಿಸಿ ಅಂಟಿಸಿರೋ ಬೈಬಲ್ಲಿನ ಬೆಸ್ತ ಪೇತ್ರ. ದೋಣೀಲಿ ನಿಂತ್ಕೊಂಡು, ಕೈಲಿ ಬಲೆ ಹಿಡ್ಕೊಂಡು ನನ್ನನ್ನೇ ದುರುಗುಟ್ಟಿ ನೋಡ್ತಿದಾನೆ. ಎದೆ ಹೊಡ್ಕೊಳ್ಳದೆ ಏನು ಮಾಡುತ್ತೆ? ಡಾಕ್ಟರ್ ತೋಳಿಗೆ ಪಟ್ಟಿ ಸುತ್ತಿದ್ರೂ ನನಗೆ ಹಿಂಗೇ ಆಗುತ್ತೆ.

ನಿಯಮ ಪುಸ್ತಕ ನನಗೆ ಬಾಯಿಪಾಠ ಮೇಡಂ. ಬೆಳಿಗ್ಗೆ ಪಂದ್ಯ ಶುರು ಅಂತ ಗುಂಡು ಹಾರೋ ತನಕ ದಡ ಬಿಡಬಾರದು, ಬಿಡಲಿಲ್ಲ. ದಿನಕ್ಕೆ ಐದಕ್ಕಿಂತ ಜಾಸ್ತಿ ಮೀನು ತರಬಾರದು, ಇವತ್ತು ಐದೇ ತಂದೆ. ಜೀವಂತ ತರಬೇಕು, ತೂಕ ಮಾಡಿ ಬಿಟ್ಮೇಲೆ ಐದೂ ಈಗ ಕೆರೇಲಿ ಈಜ್ತಾ ನನ್ನನ್ನ ಬೈತಿದಾವೆ. ಲೈಫ್ ಜಾಕೆಟ್ ಹಾಕಿದ್ದೆ. ಕುಡಿದಿಲ್ಲ. ಇನ್ನು ಹನ್ನೊಂದನೇ ನಿಯಮ: ಪಂದ್ಯ ನಡೆಯೋ ದಿನಗಳಲ್ಲಿ ಪಂದ್ಯದಲ್ಲಿಲ್ಲದೋರ ಹತ್ರ ಮೀನೆಲ್ಲಿದೆ, ಹೆಂಗೆ ಹಿಡೀಬೇಕು ಅಂತ ಕೇಳಬಾರದು, ಅವರಾಗೇ ಹೇಳಿದ್ರೂ ಆ ಮಾತು ಹಿಡ್ಕೊಂಡು ಹೋಗಬಾರದು, ಹೇಳಿದೋರು ಹೆಂಡತಿಯೇ ಆಗಿದ್ರೂ ಸೈತ! ಹಹ್ಹಾ! ಹೆಂಡತಿ ಮಾತು ಕೇಳಬಾರದು ಅಂತ ನಿಯಮ! ನಾನು ಇಪ್ಪತ್ತೇಳು ವರ್ಷದಿಂದ ಪಾಲಿಸ್ಕೊಂಡೇ ಬಂದಿದೀನಿ!

ನಗಲ್ವಾ? ಕ್ಲಬ್ಬಲ್ಲೆಲ್ಲ ಇದಕ್ಕೆ ನಗ್ತಾರೆ.

ಸರಿ, ಒಂದು ಒಪ್ಕೋತೀನಿ. ಬೆಳಿಗ್ಗೆ ದಡದಲ್ಲಿ ಪಾದ್ರಿಗಳು ಪ್ರಾರ್ಥನೆ ಹೇಳೋವಾಗ ಕಣ್ಣು ಬಿಟ್ಟೆ. "ಆಮೆನ್" ಅನ್ನೋಕೆ ಮುಂಚೆ. ಗಾಳಿ ಯಾವ ಕಡೆಯಿಂದ ಅಂತ ನೋಡೋಕೆ. ಅದಕ್ಕೇ ಹಾರಿರಬೇಕು ನಿಮ್ಮ ಸೂಜಿ. ಚರ್ಚಿನ ಕೋಣೆ ಅಲ್ವಾ!

...ಅದಲ್ಲ ಅಂತೀರಾ? ಬೆರಳಲ್ಲಿ ಮತ್ತೆ ಏಳನೇ ಪ್ರಶ್ನೇನೇ ತೋರಿಸ್ತೀರಲ್ಲ.

ಮೇಡಂ, ಆ ಕಿಟಕೀಲಿ ಒಂದು ನಿಮಿಷ ನೋಡಿ. ಕೆಂಪು ದೋಣಿ ಕಾಣ್ತಿದೆಯಾ, ಗಾಡಿ ಮೇಲೆ? ಅದೇ ಬಹುಮಾನ. ಅದರ ಮೂತೀಲಿ ಎರಡು ಕುರ್ಚಿ ಇದಾವಲ್ಲ, ಅದರಲ್ಲಿ ಒಂದರ ಮೇಲೆ ಕೂತ್ಕೊಂಡು, ಬೇಯಿಸಿದ ಕಡಲೆಕಾಯಿ ಸುಲೀತಾ, ಅತ್ತ ಒಂದ್ಸಲ ಇತ್ತ ಒಂದ್ಸಲ ಕುರ್ಚಿ ತಿರುಗಿಸ್ತಿರೋದು ನನ್ನ ಹೆಂಡತಿ. ನೆಲ್ಡಾ. ನಮ್ಮ ಹಳೇ ದೋಣೀಲಿ ಮುಂದೆ ಒಂದೇ ಕುರ್ಚಿ. ಅದು ನಂದು. ಅವಳು ಇಪ್ಪತ್ತೇಳು ವರ್ಷದಿಂದ ಹಿಂದೆ ಐಸ್ ಪೆಟ್ಟಿಗೆ ಮೇಲೆ ಕೂರ್ತಾಳೆ. ನಾನು ಮೊದಲು ಗಾಳ ಹಾಕಿ ಜಾಲಾಡಿಸಿದ ನೀರೇ ಅವಳಿಗೆ. "ಗೆದ್ರೆ ನಿನಗೂ ಮುಂದೆ ಕುರ್ಚಿ ಕಣೇ" ಅಂತ ಮಾತು ಕೊಟ್ಟಿದೀನಿ. ತೂಕ ಹಾಕಿ ನನ್ನ ಹೆಸರು ಕೂಗಿದ ಗಳಿಗೆಯಿಂದ ಅಲ್ಲೇ ಹತ್ತಿ ಕೂತಿದಾಳೆ. ಇಳೀತಾನೇ ಇಲ್ಲ. ನೀವು "ಫೇಲು" ಅಂತ ಬರೆದ್ರೆ ನಾನು ಹೊರಗೆ ಹೋಗಿ ಅವಳನ್ನ ಆ ಕುರ್ಚಿಯಿಂದ ಇಳಿಸಬೇಕು. ಎಲ್ಲಾ ನೋಡ್ತಿರೋವಾಗ! ಡ್ವೈಟ್ ಪ್ರೂಯಿಟ್ ನೋಡ್ತಿರೋವಾಗ!

ಪ್ರೂಯಿಟ್ ಯಾರು ಅಂತಾನಾ? ಎರಡನೇ ಸ್ಥಾನ. ನಾನು ಬಿದ್ರೆ ದೋಣಿ ಅವನಿಗೆ.

ಸರಿ. ಹೇಳ್ಬಿಡ್ತೀನಿ. ಆದ್ರೆ ಈ ಕೋಣೆಯಿಂದ ಹೊರಗೆ ಹೋಗಬಾರದು. ನಿಮ್ಮ ವೃತ್ತಿ ಮೇಲೆ ಆಣೆ ಇಡಿ... ಇಡಲ್ವಾ. ಸರಿ, ಬಿಡಿ.

ನಾನು ವೇದಿಕೆ ಮೇಲೆ ಸುಳ್ಳು ಹೇಳಿದೆ.

ಪಂದ್ಯ ನಡೆಸೋರು ಮೈಕ್ ಹಿಡಿದು ಕೇಳಿದ್ರಲ್ಲ, "ಹರ್ಷೆಲ್, ಇಂಥಾ ಮೀನನ್ನ ಯಾವುದರಲ್ಲಿ ಹಿಡಿದೆ?" ಅಂತ. ನಾನು ನನ್ನ ದೊಡ್ಡ ಗಾಳ ಎತ್ತಿ ತೋರಿಸಿದೆ. ದಪ್ಪ ಕೋಲು, ದಾರ ಅಂದ್ರೆ ಎತ್ತು ಕಟ್ಟಬಹುದು. "ಮುಳುಗಿದ ಮರಗಳ ಕೊಂಬೆ ಒಳಗೆ ಬೀಸಿ ಒಗೆದೆ, ಕಚ್ಚಿದ ಕೂಡ್ಲೇ ಎಳೆದು ದೋಣಿಗೆ ಬಿಸಾಕಿದೆ, ಗಂಡಸ್ರು ಹಿಡಿಯೋ ಹಂಗೆ ಹಿಡಿದೆ" ಅಂದೆ. ಜನ ಶಿಳ್ಳೆ ಹೊಡೆದ್ರು. ಸುಳ್ಳು ಮೇಡಂ! ಐದೂ ಮೀನು... ಐದಕ್ಕೆ ಐದೂ... ಬಾಗಿಲು ಸರಿಯಾಗಿ ಹಾಕಿದೆಯಾ?

ಡ್ರಾಪ್‌ಶಾಟಲ್ಲಿ.

ಮುಖ ಯಾಕೆ ಹಂಗೇ ಇದೆ? ನಿಮಗೆ ಗೊತ್ತಿಲ್ಲ ಅದೇನಂತ! ಹೆಂಗೆ ಹೇಳ್ಲಿ. ಹುಲ್ಲುಕಡ್ಡಿಯಂಥಾ ಸಣ್ಣ ಗಾಳದ ಕೋಲು. ದಾರ ಕೂದಲೆಳೆ. ತುದೀಲಿ ಬಟಾಣಿ ಕಾಳಷ್ಟು ಸೀಸ, ಅದಕ್ಕಿಂತ ಒಂದು ಗೇಣು ಮೇಲೆ ಚಿಕ್ಕ ಕೊಕ್ಕೆ, ಕೊಕ್ಕೇಲಿ ಕಿರುಬೆರಳುದ್ದ ಪ್ಲಾಸ್ಟಿಕ್ ಹುಳ. ದೋಣಿ ಪಕ್ಕ ನೀರಿಗೆ ನೇರ ಇಳಿಬಿಡೋದು. ಆಮೇಲೆ... ಆಮೇಲೆ ಏನೂ ಇಲ್ಲ! ಅದೇ ಅವಮಾನ! ಬೀಸೋದಿಲ್ಲ, ಎಳೆಯೋದಿಲ್ಲ. ಸುಮ್ನೆ ಹಿಡ್ಕೊಂಡು ನಿಂತ್ಕೋಬೇಕು. ಕೈ ಒಂಚೂರು ನಡುಗಿದ್ರೆ ಸಾಕಂತೆ, ವಯಸ್ಸಾದೋರಿಗೆ ಅದೂ ಕಲೀಬೇಕಿಲ್ಲ.

ನಮ್ಮೋರಿಗೆ ಇಷ್ಟವಿಲ್ಲದ ವಿದ್ಯೆ ಬೇಕಾದಷ್ಟಿದೆ ಮೇಡಂ. ಮುಂದೆ ಭಾರದ ಗುಂಡು, ಹಿಂದೆ ಮಾರುದ್ದ ದಾರದಲ್ಲಿ ಹುಳ ಕಟ್ಟಿ ಕೆರೆ ತಳದಲ್ಲಿ ಎಳ್ಕೊಂಡು ಹೋಗೋದೊಂದಿದೆ. ಬೇಜಾರು, ಮುದಿ ನಾಯಿ ಕಟ್ಕೊಂಡು ಊರು ಸುತ್ತಿದಂಗೆ. ಆಳಕ್ಕೆ ಮುಳುಗೋ ದೊಡ್ಡ ಪ್ಲಾಸ್ಟಿಕ್ ಮೀನಿದೆ, ಇಡೀ ದಿನ ಎಳೆದ್ರೆ ರಾತ್ರಿ ಊಟಕ್ಕೆ ಚಮಚ ಎತ್ತೋಕಾಗಲ್ಲ. ಐದು ತಂತಿಗೆ ಐದು ಸುಳ್ಳು ಮೀನು ಕಟ್ಟಿದ್ದೊಂದಿದೆ, ನೋಡೋಕೆ ಬಟ್ಟೆ ಹೋದ ಛತ್ರಿ. ಅವನ್ನೆಲ್ಲ ಬೈಕೊಂಡಾದ್ರೂ ಮಾಡ್ತಾರೆ, ಯಾಕಂದ್ರೆ ಮೈ ನೋಯುತ್ತೆ. ಮೈ ನೋಯ್ಸಿಕೊಂಡ್ರೆ ಮರ್ಯಾದೆ ಉಳಿಯುತ್ತೆ. ಆದ್ರೆ ಈ ಸಣ್ಣ ಗಾಳ? ಬೆವರೂ ಬರಲ್ಲ!

ನನ್ನ ಅಂಗಡಿಗೆ ಬಂದಿದೀರಾ, ಟಿಡ್‌ವೆಲ್ ಗಾಳದಂಗಡಿ? ಬಾಗಿಲ ಮೇಲೆ ಬೋರ್ಡಿದೆ: "ಸಣ್ಣ ಗಾಳ ಸಿಗುವುದಿಲ್ಲ, ಕೇಳಿ ನಾಚಿಕೆಪಡಬೇಡಿ." ನಾನೇ ಬರೆದಿದ್ದು. ಕ್ಲಬ್ಬಲ್ಲಿ ನಾನೇ ಒಂದು ಶಿಕ್ಷೆ ಮಾಡಿದೀನಿ. ಯಾವನಾದ್ರೂ ಸಣ್ಣ ಗಾಳ ಹಿಡಿದು ಸಿಕ್ಕಿಬಿದ್ರೆ, ತಿಂಗಳ ಕೊನೆ ಊಟದಲ್ಲಿ ಲೇಸಿನ ಅಂಚಿರೋ ಗುಲಾಬಿ ಏಪ್ರನ್ ಕಟ್ಕೊಂಡು ಎಲ್ರಿಗೂ ಮೀನು ಹುರೀಬೇಕು, ಜೋಳದ ಹಿಟ್ಟಿನ ಉಂಡೆ ಕರೀಬೇಕು. ಕರೀವಾಗ ನಾವೆಲ್ಲ ಸುತ್ತ ನಿಂತು ಜೋಗುಳ ಹಾಡೋದು. ಪ್ರೂಯಿಟ್ ಎರಡು ಸಲ ಕಟ್ಟಿದಾನೆ. ಎರಡನೇ ಸಲ ಅವನ ಮಾವನೂ ಬಂದಿದ್ರು. ಪಾಪ, ಎಣ್ಣೆ ಮುಂದೆ ನಿಂತು ಕಣ್ಣಲ್ಲಿ ನೀರು. ಈರುಳ್ಳಿ ಅಂದ. ಅವತ್ತು ಈರುಳ್ಳೀನೇ ಇರಲಿಲ್ಲ.

ಆ ಪ್ರೂಯಿಟ್ಟೇ ಬಂದ ಮೇಡಂ! ಇವತ್ತು ಹನ್ನೊಂದು ಗಂಟೆಗೆ, ಸೇತುವೆ ಹತ್ರ. ನನ್ನ ಸಣ್ಣ ಗಾಳಕ್ಕೆ ಆಗ ತಾನೇ ಮೀನು ಕಚ್ಚಿದೆ, ದೊಡ್ಡದು, ಆರು ಪೌಂಡಿಗೆ ಕಮ್ಮಿ ಇಲ್ಲ. ತಿರುಗಿ ನೋಡ್ತೀನಿ, ಅವನ ದೋಣಿ ಬರ್ತಿದೆ! ಏನು ಮಾಡ್ಲಿ? ಸಣ್ಣ ಕೋಲನ್ನ ತೊಡೆ ಮಧ್ಯೆ ಸಿಕ್ಕಿಸ್ಕೊಂಡೆ, ಮೇಲೆ ಮಳೆ ಕೋಟು ಮುಚ್ಕೊಂಡೆ, ಕೈಲಿ ದೊಡ್ಡ ಗಾಳ ಹಿಡಿದು ಬೀಸ್ತಾ ನಿಂತೆ. ಮೀನು ಕೆಳಗೆಳೀತಿದೆ, ನಾನು ಮೊಣಕಾಲು ಜೋಡಿಸ್ಕೊಂಡು ಕುಗ್ತಿದೀನಿ. ಮತ್ತೆ ಏಳ್ತೀನಿ, ಮತ್ತೆ ಕುಗ್ತೀನಿ. ಪ್ರೂಯಿಟ್ ದೋಣಿ ನಿಲ್ಲಿಸಿ, "ಏನ್ ಹರ್ಷೆಲಣ್ಣ, ಹುಷಾರಿಲ್ವಾ?" ಅಂದ. "ಹೊಟ್ಟೆ... ಹೊಟ್ಟೆ ಸರಿಯಿಲ್ಲ ಕಣೋ" ಅಂದೆ. "ದಡಕ್ಕೆ ಕರ್ಕೊಂಡು ಹೋಗ್ಲಾ?" "ಬೇಡ, ಹೋಗೋ ಮಾರಾಯ!" ಅಂದೆ. ಅವನು ತನ್ನ ಮಾತ್ರೆ ಡಬ್ಬಿ ತೆಗೆದು ನನ್ನ ದೋಣಿಗೆ ಎಸೆದು ಹೋದ, ಒಳ್ಳೇ ಮನುಷ್ಯ. ಇಗೋ ನೋಡಿ, ಜೇಬಲ್ಲೇ ಇದೆ.

ಯಾಕೆ ನಗ್ತೀರಾ? ನಗಬೇಡಿ. ನಿಲ್ಲಿಸಿ ಆ ನಗೂನ. ನೀವು ನಗೋ ಹಂಗಿಲ್ಲ ಈ ಕೆಲಸದಲ್ಲಿ!

ಅಷ್ಟೇ ಮೇಡಂ. ಮನಸ್ಸು ಹಗುರಾಯ್ತು. ವೇದಿಕೆ ಮೇಲೆ ಬುರುಡೆ ಬಿಡಬಾರದು ಅಂತ ನಿಯಮ ಪುಸ್ತಕದಲ್ಲಿಲ್ಲ. ಇದ್ದಿದ್ರೆ ಇಷ್ಟು ವರ್ಷದಲ್ಲಿ ಒಬ್ಬನೂ ಗೆಲ್ತಿರಲಿಲ್ಲ. ನೀವು ಕುಂಬಳಕಾಯಿ ಕಳ್ಳ ಅಂದ್ರಿ, ನಾನು ಹೆಗಲು ಮುಟ್ಟಿ ನೋಡ್ಕೊಂಡೆ, ಅಷ್ಟೇ. ಕದ್ದಿದ್ದು ಕುಂಬಳಕಾಯಿ ಅಲ್ಲ. ಈಗ ಮತ್ತೆ ಕೇಳಿ ಏಳನೇದು. ಬೆರಳು ತೋರಿಸಿದ್ರೆ ಸಾಕು. ಹಾಂ. ನಿಯಮ ಮುರಿದಿದೀನಾ?

ಇಲ್ಲ!

...ಇದೇನ್ರೀ ಇದು! ಮುಂಚೆಗಿಂತ ಮೇಲಕ್ಕೆ ಹಾರ್ತು! ಕಾಗದದ ಅಂಚು ದಾಟ್ತಲ್ಲ! ಮೇಡಂ, ಕೆಟ್ಟೋಗಿದೆ, ಖಂಡಿತ ಕೆಟ್ಟೋಗಿದೆ. ಒಂದ್ಸಲ ತಟ್ಟಿ ನೋಡಿ ಅದನ್ನ.

ಪೆನ್ಸಿಲ್ ಮತ್ತೆ ಇಟ್ರಿ. ಕೈ ಕಟ್ಕೊಂಡ್ರಿ. ಹಿಂಗೇ ಸುಮ್ನೆ ಕೂತ್ಕೊಂಡು ಸುಮ್ನೆ ಕೂತ್ಕೊಂಡೇ ದರೋಡೆಕೋರರ ಬಾಯಿ ಬಿಡಿಸ್ತಿದ್ರಾ ನೀವು? ಇಳಿಬಿಟ್ಟು ಸುಮ್ನಿರೋದು! ಅಯ್ಯೋ ದೇವರೇ... ಇದೂ ಡ್ರಾಪ್‌ಶಾಟೇ!

ಆ ಗಾಳ ನಂದಲ್ಲ. ಆಯ್ತಾ? ಅದಕ್ಕೇ ಇರಬೇಕು. ನನ್ನ ದೋಣಿ ಪೆಟ್ಟಿಗೇಲಿತ್ತು. ನೆಲ್ಡಾದು. ಹಿಡಿಗೆ ಹಳದಿ ಉಣ್ಣೆ ದಾರ ಸುತ್ತಿದಾಳೆ, ಆಳ ಗೊತ್ತಾಗಲಿ ಅಂತ ದಾರಕ್ಕೆ ಅಲ್ಲಲ್ಲಿ ಉಗುರು ಬಣ್ಣದ ಚುಕ್ಕೆ ಇಟ್ಟಿದಾಳೆ. ಇನ್ನೊಬ್ಬರ ಗಾಳ ಬಳಸಬಾರದು ಅಂತೇನೂ ನಿಯಮ ಇಲ್ಲ.

ಹೌದು, ಅವಳೂ ಹಿಡೀತಾಳೆ. ಸುಮ್ನೆ, ಹೊತ್ತು ಕಳೆಯೋಕೆ. ಸೋಮವಾರ ಅಂಗಡಿ ರಜ ಇದ್ದಾಗ ಹಳೇ ಸೇತುವೆ ಮೇಲೆ ಮಡಚೋ ಕುರ್ಚಿ ಹಾಕ್ಕೊಂಡು... ಅವಳಿಗೆ ಗೊತ್ತಾಗಲ್ಲ ಪಾಪ ಮೀನಿನ ವಿಷಯ.

ನೋಡಿ ಮತ್ತೆ! ನೀವು ಪ್ರಶ್ನೆ ಕೇಳದೇನೇ ಹಾರ್ತಿದೆಯಲ್ಲ ಇದು!

ಆಯ್ತು, ಗೊತ್ತಾಗುತ್ತೆ ಅವಳಿಗೆ. ಸ್ವಲ್ಪ. ...ಸ್ವಲ್ಪ ಜಾಸ್ತೀನೇ. ಆಯ್ತು ಬಿಡಿ! ಐಸ್ ಪೆಟ್ಟಿಗೆ ಮೇಲೆ ಕೂತ್ಕೊಂಡು, ನಾನು ಬೀಸಿ ಬೀಸಿ ಬರಿಗೈ ಆದ ನೀರಲ್ಲೇ ಆ ಕಡ್ಡಿ ಇಳಿಬಿಟ್ಟು, ಹೆಣಿಗೆ ಹಾಕೋರ ಹಂಗೆ ಒಂದೊಂದೇ ಎತ್ತಿ ಎತ್ತಿ ಹಾಕ್ತಾಳೆ. ನನ್ನ ಅಂಗಡೀಲಿ ಗಲ್ಲಾದ ಮೇಲೆ ಹತ್ತು ಪೌಂಡಿನ ಮೀನು ಒಣಗಿಸಿ ತೂಗುಹಾಕಿದೆ, ಕೆಳಗೆ ಹಿತ್ತಾಳೆ ತಗಡಲ್ಲಿ ನನ್ನ ಹೆಸರು. ಅದು ಅವಳು ಹಿಡಿದಿದ್ದು. ನಾನು ಬುಟ್ಟಿ ಬಲೇಲಿ ಎತ್ತಿದ್ದಷ್ಟೇ. "ಹಿಡ್ಕೋ ನೆಲ್ಡಾ, ಫೋಟೋ ತೆಗೀತೀನಿ" ಅನ್ನಬೇಕಿತ್ತು. ಅನ್ನಲಿಲ್ಲ. ಮೀನು ನಾನು ಎದೆಗವಚಿಕೊಂಡೆ, ಕ್ಯಾಮೆರಾ ಅವಳ ಕೈಗೆ ಕೊಟ್ಟೆ. ಗೋಡೆ ತುಂಬ ಹಂಗೇ ಫೋಟೋಗಳು. ಎಲ್ಲಾದ್ರಲ್ಲೂ ನಾನು ಹಲ್ಲು ಕಿಸೀತಾ ನಿಂತಿದೀನಿ. ಎಲ್ಲಾದರ ಮೂಲೇಲೂ ಒಂದು ಮಬ್ಬು ಹೆಬ್ಬೆರಳಿದೆ. ಕ್ಯಾಮೆರಾ ಹಿಡಿಯೋಕೆ ಬರಲ್ಲ ಅವಳಿಗೆ. ಆ ಹೆಬ್ಬೆರಳೇ ನೆಲ್ಡಾ. ಅವಳ ಫೋಟೋ ಅಂತ ಅಂಗಡೀಲಿ ಇರೋದು ಅಷ್ಟೇ.

ಅವಳೇನೂ ಅನ್ನಲಿಲ್ಲ. ಹೆಂಗಸ್ರು ಇಂಥಾದ್ದಕ್ಕೆಲ್ಲ ಏನೂ ಅನ್ನಲ್ಲ ಅಂದ್ಕೊಂಡಿದ್ದೆ.

ಹೆಂಗೆ ನೋಡ್ತೀರಿ ನೀವು! ಪೇತ್ರನಿಗಿಂತ ಜಾಸ್ತಿ ನೋಡ್ತೀರಿ. ಅವನನ್ನೇ ನೋಡಿದ್ರೆ ವಾಸಿ. ಪಾಪ, ಅವನೂ ನಮ್ಮ ಹಂಗೇ. ಇಡೀ ರಾತ್ರಿ ಬಲೆ ಬೀಸಿದ, ಒಂದೂ ಸಿಗಲಿಲ್ಲ. ಬೆಳಿಗ್ಗೆ ದಡದಿಂದ ಅವನ ಗುರು, ನಮ್ಮ ಸ್ವಾಮಿ ಕೂಗಿದ್ರು, "ದೋಣಿಯ ಬಲಗಡೆ ಬಲೆ ಹಾಕಿ, ಸಿಗುತ್ತೆ" ಅಂತ. ಹಾಕಿದ್ರು, ಎಳೆಯೋಕಾಗದಷ್ಟು ಮೀನು! ಹಹ್ಹ! ನಮ್ಮ ಪಂದ್ಯದಲ್ಲಾಗಿದ್ರೆ ಪೇತ್ರನೂ ಅನರ್ಹ! ಪಂದ್ಯದಲ್ಲಿಲ್ಲದೋರು ದಡದಿಂದ ಜಾಗ ಹೇಳ್ಕೊಟ್ರು, ಇವನು ಹೋಗಿ ಹಾಕಿದ, ಹನ್ನೊಂದನೇ ನಿಯಮ...

...

ನಾನೇನಂದೆ ಈಗ?

ಏನೂ ಅನ್ನಲಿಲ್ಲ. ಪೇತ್ರನ ಮಾತು. ಚರ್ಚಿನ ತಮಾಷೆ ಅದು.

ಮೇಡಂ, ಏನಾದ್ರೂ ಮಾತಾಡಿ. ಕೆಮ್ಮಿ ಬೇಕಾದ್ರೆ. ಒಂದು ಪ್ರಶ್ನೆ ಕೇಳಿ, ನನ್ನ ಹುಟ್ಟಿದ ತಾರೀಖು ಕೇಳಿ... ಕೇಳಲ್ವಾ. ಪೆನ್ಸಿಲ್ಲೂ ಮುಟ್ಟಲ್ವಾ.

...ಅವಳಿಗೆ ನಿಯಮ ಗೊತ್ತಿರಲಿಲ್ಲ ಮೇಡಂ. ಅದನ್ನ ಮೊದಲು ಬರ್ಕೊಳ್ಳಿ. ಅವಳ ತಪ್ಪಿಲ್ಲ. ಎರಡು ದಿನದ ಪಂದ್ಯ, ನಿನ್ನೆ ಮೊದಲ ದಿನ ನಾನು ಎರಡೇ ಮೀನು ತಂದೆ, ಅದೂ ಅಂಗೈಯಷ್ಟು. ಇಡೀ ದಿನ ದೊಡ್ಡ ಗಾಳ ಬೀಸಿ ಭುಜ ಬಿದ್ದೋಗಿತ್ತು. ನಲವತ್ತೊಂದನೇ ಸ್ಥಾನ. ಮಾತಾಡದೆ ಮಲಗಿದೆ. ಇವತ್ತು ಬೆಳಿಗ್ಗೆ ಅಡುಗೆಮನೇಲಿ ನನ್ನ ತಟ್ಟೆಗೆ ಮೊಟ್ಟೆ ಹಾಕ್ತಾ ಅಂದ್ಳು: "ಹರ್ಷೆಲ್, ಹಳೇ ಸೇತುವೆ ಮೂರನೇ ಕಂಬದ ನೆರಳಲ್ಲಿದಾವೆ. ಇಪ್ಪತ್ತಾರು ಅಡಿ ಕೆಳಗೆ, ಎರಡನೇ ಕೆಂಪು ಚುಕ್ಕೆ ತನಕ ದಾರ ಬಿಡು. ನನ್ನ ಗಾಳ ನಿನ್ನ ಪೆಟ್ಟಿಗೇಲಿ ಇಟ್ಟಿದೀನಿ. ಇಳಿಬಿಟ್ಟು ಸುಮ್ನಿರು. ನಿನಗೆ ಸುಮ್ನಿರೋಕೆ ಬರಲ್ಲ ಅಂತ ಗೊತ್ತು, ಆದ್ರೂ ಒಂದಿನ ಸುಮ್ನಿರು" ಅಂದ್ಳು.

ಕಿವಿ ಮುಚ್ಕೋಬೇಕಿತ್ತು ನಾನು. ಒಂದು ಕೈಲಿ ಕಾಫಿ ಲೋಟ, ಇನ್ನೊಂದು ಕೈಲಿ ಬ್ರೆಡ್ಡು. ಯಾವುದನ್ನ ಬಿಡ್ಲಿ?

ಮುಚ್ಕೊಳ್ಳದಿದ್ರೂ ಹೋಗ್ಲಿ, ಕೇಳಿ ಮರೀಬಹುದಿತ್ತು. ಇಪ್ಪತ್ತೇಳು ವರ್ಷ ಅವಳು ಹೇಳಿದ್ದೆಲ್ಲ ಮರೆತಿದೀನಿ. ಮದುವೆ ದಿನ ಮರೆತಿದೀನಿ, ಹಲ್ಲಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋದು ಮರೆತಿದೀನಿ. ಇದೊಂದು ಮಾತು ನೆನಪಿತ್ತು, ಕಂಬದ ಸಂಖ್ಯೆ ಸಮೇತ! ಒಂಬತ್ತು ಗಂಟೆ ತನಕ ಹಠ ಹಿಡಿದು ದೊಡ್ಡ ಗಾಳ ಬೀಸಿದೆ. ಒಂದೂ ಇಲ್ಲ. ಆಮೇಲೆ ಅತ್ತ ಇತ್ತ ನೋಡಿ, ಕಳ್ಳ ಬೆಕ್ಕಿನ ಹಂಗೆ ಮೂರನೇ ಕಂಬದ ನೆರಳಿಗೆ ಹೋದೆ. ಎರಡನೇ ಕೆಂಪು ಚುಕ್ಕೆ. ಇಳಿಬಿಟ್ಟೆ. ಸುಮ್ನಿದ್ದೆ.

ಏನು ಹೇಳ್ಲಿ ಮೇಡಂ... ಹಕ್ಕಿ ಕೂಗೋದು ಕೇಳಿಸ್ತು. ಸೇತುವೆ ಮೇಲೆ ಅವಳ ಕುರ್ಚಿ ಕಾಲು ಉಜ್ಜಿದ ಗುರುತು ಕಂಬಿ ಸಂದೀಲಿ ಕಾಣಿಸ್ತು. ಇಷ್ಟು ವರ್ಷ ಅಲ್ಲಿ ಕೂತು ಇವಳು ಏನು ನೋಡ್ತಿದ್ಳು ಅಂತ ಮೊದಲ ಸಲ ಅನ್ನಿಸ್ತು. ಅಷ್ಟರಲ್ಲಿ ಮೀನು ಕಚ್ಚಿತು.

ಈ ನಾಚಿಕೆ ಮುಚ್ಚೋಕೆ ಸಣ್ಣ ಗಾಳದ ನಾಚಿಕೆ ಮುಂದಿಟ್ಟೆ ನಿಮಗೆ. ಅದೂ ನಾಚಿಕೇನೇ, ಆದ್ರೆ ಅದರಿಂದ ದೋಣಿ ಹೋಗಲ್ವಲ್ಲ. ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಜಾತಿ ಮೇಡಂ ನಾವು. ಇವತ್ತು ಮೀಸೆ ಏನು, ಹಲ್ಲೆಲ್ಲ ಮಣ್ಣು.

ಈಗಲೂ ಮೂರನೇ ಸಲ ಇಲ್ಲ ಅನ್ನಬಹುದು. ನಿಮ್ಮ ಮಿಷನ್ನು ಹಳೇದು, ನಾನು ಹೆದರುಪುಕ್ಕಲ, ಕುರ್ಚಿ ಚಿಕ್ಕದು. "ಸ್ಪಷ್ಟವಾಗಿಲ್ಲ" ಅಂತ ಬರೆದ್ರೆ ದೋಣಿ ನಂದೇ ಅಂತೆ, ನಿಯಮ ಹಂಗಿದೆ. ನೀವು ಬರೀಬಹುದು. ...ಬರೀತೀರಾ?

ಹೂಂ. ಗೊತ್ತಿತ್ತು.

ಈ ಪೇತ್ರನೂ ತನ್ನ ಸ್ವಾಮೀನೇ ಗೊತ್ತಿಲ್ಲ ಅಂತ ಮೂರು ಸಲ ಇಲ್ಲ ಅಂದೋನೇ ಅಲ್ವಾ? ಕೋಳಿ ಕೂಗಿದ ಮೇಲೆ ಹೊರಗೆ ಹೋಗಿ ಅತ್ತನಂತೆ. ನನಗೆ ಹೊರಗೆ ಹೋದ್ರೆ ಅಳೋಕೂ ಜಾಗ ಇಲ್ಲ, ಪ್ರೂಯಿಟ್ ನಿಂತಿದಾನೆ. ಬೆರಳು ತೋರಿಸಿ ಮೇಡಂ. ಏಳನೇದು. ನಿಯಮ ಮುರಿದಿದೀನಾ?

ಹೌದು.

...ನೋಡಿ. ನೋಡಿ ಅದನ್ನ. ಮಗು ಮಲಗಿದಂಗೆ ಮಲಗ್ತು.

ಬರ್ಕೊಳ್ಳಿ. "ಹನ್ನೊಂದನೇ ನಿಯಮ. ಹೆಂಡತಿ ಮಾತು ಕೇಳಿದ." ಇಪ್ಪತ್ತೇಳು ವರ್ಷದಲ್ಲಿ ಒಂದೇ ಸಲ, ಅದೂ ಪಂದ್ಯದ ದಿನ! ಸಣ್ಣ ಗಾಳದ ವಿಷಯ ಮಾತ್ರ ಬರೆಯೋದು ಬೇಡ, ಅದು ನಿಯಮಕ್ಕೆ ಸಂಬಂಧ ಇಲ್ಲ... ಬರೀಲೇಬೇಕಾ? "ವಿವರ" ಅಂತ ಕಾಲಂ ಇದೆಯಾ? ಸರಿ, ಬರೀರಿ. ಏಪ್ರನ್ನಿನ ಲೇಸು ನಾನೇ ಆರಿಸಿ ತಂದಿದ್ದು, ನನಗೆ ಸರಿಹೋಗುತ್ತೆ. ಪ್ರೂಯಿಟ್ಟೇ ಕಟ್ಲಿ ಹಿಂದಿನ ಗಂಟು. ಅವನ ಮಾವನೂ ಬರ್ಲಿ.

ಕೆಂಪು ದೋಣಿ ಹೋಯ್ತು. ಹೋಗ್ಲಿ. ಹಳೇದೊಂದಿದೆಯಲ್ಲ. ಅದರ ಮುಂದಿನ ಕುರ್ಚಿ ಯಾರಪ್ಪಂದೂ ಅಲ್ಲ. ಐಸ್ ಪೆಟ್ಟಿಗೆ ಮೇಲೆ ನಾನು ಕೂರ್ತೀನಿ. ಬೆನ್ನಿಗೆ ಒರಗೋಕಿಲ್ಲ, ಬಿಸಿಲು ನೇರ ಮುಖಕ್ಕೆ ಹೊಡೆಯುತ್ತೆ ಅಂತ ಅವಳು ಒಂದೆರಡು ಸಲ ಹೇಳಿದ್ದು ಈಗ ನೆನಪಾಗ್ತಿದೆ.

ತಾಳಿ, ಪಟ್ಟಿ ಬಿಚ್ಚಬೇಡಿ! ಒಂದೇ ಒಂದು ಪ್ರಶ್ನೆ, ನಿಮ್ಮ ಪಟ್ಟೀಲಿ ಇಲ್ಲದ್ದು. "ಟಿಡ್‌ವೆಲ್, ನಿಮ್ಮ ಮನೇಲಿ ಚೆನ್ನಾಗಿ ಮೀನು ಹಿಡಿಯೋರು ಯಾರು?" ಅಂತ ಕೇಳಿ. ಕೇಳಲ್ಲ ಅಲ್ವಾ, ಸರಿ, ನಾನೇ ಕೇಳ್ಕೋತೀನಿ.

ನಾನು.

ಹಹ್ಹಹ್ಹಾ! ನೋಡಿದ್ರಾ, ಸುರುಳಿ ಹರೀಬೇಕಿತ್ತು! ನಗಿ ಮೇಡಂ, ಈಗ ನಗಬಹುದು, ನಾನೇ ಹೇಳ್ತಿದೀನಿ! ಇರಿ, ಇನ್ನೊಂದ್ಸಲ.

ನೆಲ್ಡಾ.

...

ಆ ನೆಟ್ಟಗಿನ ಗೆರೆ ಇರೋ ತುಂಡು ಹರಿದು ಕೊಡ್ತೀರಾ? ನಿಮ್ಮ ಫೈಲಿಗೆ ಬೇಕಾಗಿರೋದು ಮೇಲಿನದು, ಇದು ನನ್ನ ಸ್ವಂತದ್ದು. ಕೆಳಗೆ ಒಂದು ಸಹಿ ಹಾಕಿ, ತಾರೀಖೂ ಇರ್ಲಿ. ಅಂಗಡೀಲಿ ಆ ಹಿತ್ತಾಳೆ ತಗಡು ಕಿತ್ತು ಮೀನಿನ ಕೆಳಗೆ ಇದನ್ನ ಹಾಕ್ತೀನಿ. ...ಥ್ಯಾಂಕ್ಸ್ ಮೇಡಂ.

ಇನ್ನು ಬಿಚ್ಚಿ ಈ ಪಟ್ಟಿಗಳನ್ನ. ಅಲ್ಲಿ ನೋಡಿ, ಕಡಲೆಕಾಯಿ ಮುಗಿದಿದೆ, ಕುರ್ಚಿ ಇನ್ನೂ ತಿರುಗಿಸ್ತಾನೇ ಇದಾಳೆ. ಹೋಗಿ ಅವಳನ್ನ ಇಳಿಸಬೇಕು.